ಸದಾ ಓಡುವ ಮಗುವಿಗೂ ಆಟದ ಲೆಕ್ಕವೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮೊಮ್ಮಗಳು ನಿಂತಲ್ಲಿ ನಿಲ್ಲುವವಳಲ್ಲ. ಇಂಥ ಮಕ್ಕಳಿಗೂ ‘ದಿನಕ್ಕೆ ಇಷ್ಟು ಹೊತ್ತು ಆಡಬೇಕು’ ಎಂಬ ಲೆಕ್ಕವಿದೆಯಂತೆ, ನಿಜವೇ?

ಉತ್ತರ: ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರತಂದಿತು. ಅದರಂತೆ 3–4 ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ದಂಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು. ಒಂದೇ ಸಲಕ್ಕೆ ಅಲ್ಲ, ದಿನವಿಡೀ ಹಂಚಿಹೋದರಾಯಿತು.

ಮೂರು ಗಂಟೆ ಯಾವ ಮಹಾ ಎನಿಸಬಹುದು. ಇಲ್ಲೇ ನಮ್ಮ ಕಣ್ಣು ಮೋಸಹೋಗುವುದು. ಈ ವಯಸ್ಸಿನವರು ಒಂದಷ್ಟು ಸೆಕೆಂಡು ದಡಬಡ ಓಡಿ, ಮತ್ತೆ ಕೂತುಬಿಡುತ್ತಾರೆ. ಓಡಿದ್ದು ನಮ್ಮ ನೆನಪಿನಲ್ಲಿ ಉಳಿಯುತ್ತದೆ, ಕೂತದ್ದು ಗಮನಕ್ಕೇ ಬರುವುದಿಲ್ಲ. ಮಕ್ಕಳ ಸೊಂಟಕ್ಕೆ ಚಲನೆ ಅಳೆಯುವ ಪುಟ್ಟ ಸಾಧನ ಕಟ್ಟಿ ನೋಡಿದ ಅಧ್ಯಯನಗಳಲ್ಲಿ, ಎಚ್ಚರವಿರುವ ಹೊತ್ತಿನ ದೊಡ್ಡ ಪಾಲು ಕೂತೇ ಕಳೆಯುವುದು ಕಂಡುಬಂದಿದೆ.

ಹಾಗೆಂದು ಕೂರುವುದೆಲ್ಲ ಕೆಟ್ಟದ್ದಲ್ಲ. ತೊಡೆಯ ಮೇಲೆ ಕೂತು ಕಥೆ ಕೇಳುವುದನ್ನು ಮಾರ್ಗಸೂಚಿಯೂ ಮೆಚ್ಚುತ್ತದೆ. ಅದು ಬೇಡವೆನ್ನುವುದು ಮೊಬೈಲು, ಟಿವಿಯ ಮುಂದೆ ದಿನಕ್ಕೆ ಒಂದು ಗಂಟೆ ಮೀರಿ ಕೂರುವುದನ್ನು. ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಒಂದೇ ಸಮ ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿಹಾಕುವುದನ್ನು. ನಿದ್ದೆ 10ರಿಂದ 13 ಗಂಟೆ ಆಗಬೇಕು.

ಮೂರು ಗಂಟೆಯ ಆಟಕ್ಕೆ ಮೈದಾನವೇ ಬೇಕೆಂದಿಲ್ಲ. ಮನೆಯೊಳಗಿನ ಕಣ್ಣಾಮುಚ್ಚಾಲೆ, ಹಾಡಿಗೊಂದು ಕುಣಿತ, ಅಂಗಡಿಗೆ ನಿಮ್ಮ ಜೊತೆ ನಡಿಗೆ, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಗಡಿಯಾರ ಹಿಡಿದು ಕೂರಬೇಡಿ. ಮೊಮ್ಮಗಳ ಜೊತೆ ನೀವೂ ಎದ್ದರೆ ಲಾಭ ಇಬ್ಬರಿಗೂ.