ಡ್ರಮ್ ಬಿಚ್ಚುವ ಮೊದಲು

"ಬ್ರೇಕ್ ಕಡಿಮೆ ಆಗಿದೆ, ಸ್ವಲ್ಪ ಟೈಟ್ ಮಾಡಿಕೊಡಿ." ಹಳೆಯ ಪಿಕಪ್ ತಂದು ನಿಲ್ಲಿಸುವ ಚಾಲಕರು ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಹೇಳುವುದು ಇಷ್ಟೇ. ಕೋಲಾರದ ಟೊಮೆಟೊವನ್ನೂ ಮಲೆನಾಡಿನ ಅಡಿಕೆಯನ್ನೂ ಹೊರುವ ಬೊಲೆರೊದಂಥ ಪಿಕಪ್‌ಗಳಿಗೆ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಡಿಸ್ಕ್ ಸವೆದರೆ ಕಣ್ಣಿಗೆ ಕಾಣುತ್ತದೆ. ಡ್ರಮ್ ಮುಚ್ಚಿದ ಎರಕದ ಕಬ್ಬಿಣ. ಒಳಗೆ ಏನಾಗಿದೆ ಎಂಬುದು ಬಿಚ್ಚುವವರೆಗೂ ಗೊತ್ತಾಗದು. ಈ ಕೆಲಸ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲೇ ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗಳಲ್ಲೇ ಅವನ ಕಸುಬಿನ ಮುಕ್ಕಾಲು ಪಾಲು ಇದೆ.

ಆಧುನಿಕ ಡ್ರಮ್ ಬ್ರೇಕಿನ ಶ್ರೇಯ ಸಲ್ಲುವುದು 1902ರಲ್ಲಿ ಅದನ್ನು ರೂಪಿಸಿದ ಫ್ರಾನ್ಸಿನ ಲೂಯಿ ರೆನೊಗೆ. ಮೂಲತತ್ತ್ವ ಇಂದಿಗೂ ಅದೇ. ಇಂದಿನ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ವೀಲ್ ಸಿಲಿಂಡರಿನ ಪಿಸ್ಟನ್‌ಗಳನ್ನು ಹೊರಕ್ಕೆ ದೂಡುತ್ತದೆ, ಅವು ಎರಡು ಶೂಗಳನ್ನು ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುತ್ತವೆ, ಕಾಲು ತೆಗೆದರೆ ಸ್ಪ್ರಿಂಗ್‌ಗಳು ಹಿಂದಕ್ಕೆ ಎಳೆಯುತ್ತವೆ.

ಮೊದಲ ಪ್ರಶ್ನೆ ಪೆಡಲ್ಲಿನದು. ಒಮ್ಮೆ ಒತ್ತಿದಾಗ ಕೆಳಗಿಳಿದು, ತಕ್ಷಣ ಮತ್ತೊಮ್ಮೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆಯೇ? ಹಾಗಾದರೆ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿದೆ. ಶೂ ಮೇಲಿನ ಲೈನರ್ ಸವೆದಿರಬೇಕು, ಇಲ್ಲವೇ ಆ ಅಂತರವನ್ನು ಸರಿಪಡಿಸುವ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುತ್ತಿಲ್ಲ. ಒತ್ತಿದಾಗ ಮೆತ್ತಗೆ ಒಳಹೋದರೆ ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ. ಚಾಲಕನ ಬಾಯಲ್ಲಿ ಇವೆಲ್ಲವೂ "ಬ್ರೇಕ್ ಕಡಿಮೆ"ಯೇ.

ಬ್ರೇಕ್ ಬಿಸಿಯಾಗಿ ಹಿಡಿದುಕೊಳ್ಳುವ ದೋಷವೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. ಗಾಡಿ ಎಳೆಯುವುದಿಲ್ಲ, ಹಿಂದಿನ ಒಂದು ಹಬ್ ಬಳಿ ಕೈ ತಂದರೆ ಸಾಕು, ಸುಡುತ್ತದೆ. ಆಗ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂಭಾಗವನ್ನು ಜಾಕ್ ಮತ್ತು ಸ್ಟ್ಯಾಂಡಿನ ಮೇಲೆ ಎತ್ತಿ, ವೀಲ್ ಸಿಲಿಂಡರಿನ ಏರ್ ತೆಗೆಯುವ ನಿಪ್ಪಲನ್ನು ತುಸು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ದೋಷ ಆಯಿಲ್ ಒತ್ತಡದ ಕಡೆಯದು. ತಿರುಗದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್, ಸ್ಪ್ರಿಂಗ್, ಶೂಗಳನ್ನು ನೋಡಬೇಕು. ಹಿಂದಿನ ಎರಡೂ ಚಕ್ರ ಹಿಡಿದಿವೆಯೇ? ಆಕ್ಸಲ್‌ಗೆ ಇಳಿಯುವ ಒಂದೇ ರಬ್ಬರ್ ಹೋಸ್ ಒಳಗೇ ಊದಿ ಆಯಿಲ್ ಹಿಂದಿರುಗದಂತೆ ತಡೆದಿರಬಹುದು. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತದೆ. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಮಾಡದೆ ಹೊಸ ಲೈನರ್ ಹಾಕಿಸಿಕೊಂಡು ಹೋದವರು ವಾರದೊಳಗೆ ಅದೇ ದೂರು ಹೊತ್ತು ಮರಳುತ್ತಾರೆ.

ಡ್ರಮ್ ಒಳಗೆ ಒದ್ದೆ ಕಂಡರೆ ಯಾವ ಎಣ್ಣೆ ಎಂದು ಮೂಸಿ, ಮುಟ್ಟಿ ನೋಡಬೇಕು. ಗಂಧಕದ ವಾಸನೆಯ ಮಂದ ಎಣ್ಣೆಯಾದರೆ ಡಿಫರೆನ್ಷಿಯಲ್ಲಿನದು, ಆಕ್ಸಲ್ ಸೀಲ್ ಹೋಗಿದೆ; ತೆಳುವಾಗಿದ್ದರೆ ವೀಲ್ ಸಿಲಿಂಡರ್ ಸೋರಿದೆ. ಎಣ್ಣೆ ಕುಡಿದ ಲೈನರನ್ನು ತೊಳೆದು ಮತ್ತೆ ಹಾಕಬಾರದು. ಅದು ಜಾರುವುದಷ್ಟೇ ಅಲ್ಲ, ಕೆಲವೊಮ್ಮೆ ಥಟ್ಟನೆ ಕಚ್ಚಿ ಆ ಒಂದು ಚಕ್ರವನ್ನೇ ಲಾಕ್ ಮಾಡುತ್ತದೆ.

ಬ್ರೇಕ್ ಹಾಕಿದಾಗ ಪೆಡಲ್ ಕಾಲಡಿ ಕಂಪಿಸಿದರೆ ದೋಷ ಮುಂದಿನದೋ ಹಿಂದಿನದೋ ಎಂದು ತಿಳಿಯಲು ಖಾಲಿ ಮೈದಾನವೊಂದು ಸಾಕು. ನಿಧಾನ ವೇಗದಲ್ಲಿ, ಗುಂಡಿ ಒತ್ತಿ ಹಿಡಿದೇ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಅದೇ ಕಂಪನ ಬಂದರೆ ಹಿಂದಿನ ಡ್ರಮ್ ದುಂಡು ಕಳೆದುಕೊಂಡಿದೆ. ಲೇತ್‌ನಲ್ಲಿ ಕೆತ್ತಿಸಬಹುದು, ಆದರೆ ಡ್ರಮ್ಮಿನ ಮೇಲೆಯೇ ಅಚ್ಚಾಗಿರುವ ಗರಿಷ್ಠ ವ್ಯಾಸವನ್ನು ಮೀರುವಂತಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ. ಹಲವು ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚಿಸುವ ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಕುಸಿಯಿತು ಎಂಬುದರಿಂದ ಅದು ಹೊರೆಯನ್ನು ಅಳೆಯುತ್ತದೆ. ಹೆಚ್ಚು ಮಾಲು ಹೇರಲೆಂದು ಕಮಾನು ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದಿಲ್ಲ. ಗಾಡಿ ಖಾಲಿಯಿದೆ ಎಂದೇ ವಾಲ್ವ್ ಕೆಲಸ ಮಾಡುತ್ತದೆ. ಬ್ರೇಕ್ ಬೇಕೇಬೇಕಾದ ಹೊತ್ತಿಗೆ ಹಿಂದಿನ ಚಕ್ರಗಳಿಗೆ ಒತ್ತಡ ಸಾಲದು. ಆಗುಂಬೆ, ಚಾರ್ಮಾಡಿ ಇಳಿಯುವ ಗಾಡಿಗಳಿಗೆ ಇದು ಜೀವದ ಪ್ರಶ್ನೆ. ಘಾಟಿಯಲ್ಲಿ ಬ್ರೇಕ್ ತುಳಿಯುತ್ತಲೇ ಇಳಿದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಆರಿದ ಮೇಲೆ ಎಲ್ಲವೂ ಸರಿಯಾದಂತೆ ತೋರುತ್ತದೆ. ಇದಕ್ಕೆ ಮದ್ದು ಗೇರಿನಲ್ಲಿದೆ: ಕಡಿಮೆ ಗೇರಿನಲ್ಲೇ ಇಳಿಯಬೇಕು.

ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ನಿಲ್ಲಬೇಕು. ಹಳೆಯ ಲೈನರ್‌ಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದು ಕೆಲಸದ ಹುಡುಗರ ಹಕ್ಕು ಎಂದೇ ನಾನು ಹೇಳುತ್ತೇನೆ. ಲೈನರ್ ಬದಲಿಸಿದರೆ ಎರಡೂ ಬದಿಗೆ ಒಟ್ಟಿಗೇ ಬದಲಿಸಿ. ತೇವ ಹೀರುವ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ತುಂಬಿಸಿ. ಮಳೆಗಾಲಕ್ಕೆ ಮೊದಲು ಹಿಂದಿನ ಡ್ರಮ್‌ಗಳನ್ನು ಬಿಚ್ಚಿಸಿ, ಪಕ್ಕದಲ್ಲೇ ನಿಂತು ನೋಡಿ, ಮೆಕ್ಯಾನಿಕ್ ಕೇಳುವ ಪ್ರಶ್ನೆಗಳಿಗೆ ಅವಸರವಿಲ್ಲದೆ ಉತ್ತರಿಸಿ.