ಗೇರೆಣ್ಣೆ ಕುಡಿದ ಮರ

ಕರಾವಳಿಯ ಹಳೆಯ ಹೆಂಚಿನ ಮನೆಗೆ ಹೋದಾಗ ಒಮ್ಮೆ ಮಾಡಿನತ್ತ ಕತ್ತೆತ್ತಿ ನೋಡಿ. ಪಕ್ಕಾಸು, ರೀಪು, ತೊಲೆ ಎಲ್ಲವೂ ಕಪ್ಪುಗೆಂಪು. ಒಲೆಯ ಹೊಗೆಯೊಂದೇ ಕೊಟ್ಟ ಬಣ್ಣವಲ್ಲ ಅದು. ಎಷ್ಟೋ ಮನೆಗಳಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಮರದೊಳಗೆ ಇಳಿದು ಕೂತಿರುತ್ತದೆ. ಮಳೆಗಾಲದ ಥಂಡಿ, ಗೆದ್ದಲು, ಕುಟ್ಟೆ ಇವಕ್ಕೆಲ್ಲ ಈ ಭಾಗದವರು ನೆಚ್ಚಿಕೊಂಡಿದ್ದ ಮದ್ದು ಇದು. ದೋಣಿಯ ಹಲಗೆಗೂ ಇದನ್ನೇ ಬಳಿಯುತ್ತಿದ್ದರು.

ಗೇರುಮರ ಬ್ರೆಜಿಲ್ ಮೂಲದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಬೀಜದ ಸಿಪ್ಪೆ ಒಡೆದರೆ ಒಳಗೆ ಜೇನುಹುಟ್ಟಿನಂಥ ಪದರ, ಅದರ ತುಂಬ ಮಂದವಾದ ಕಂದು ದ್ರವ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಳ್ಳುವುದು ಇದೇ ಕಾರಣಕ್ಕೆ. ಮನುಷ್ಯರ ಕೈ ಸುಡುವ ಈ ಗುಣವೇ ಮರ ತಿನ್ನುವ ಹುಳವನ್ನೂ ದೂರವಿಡುತ್ತದೆ. ಕಾಯಿಸಿದಾಗ ಆಮ್ಲದ ಬಹುಪಾಲು ಕಾರ್ಡನಾಲ್ ಆಗಿ ಮಾರ್ಪಟ್ಟು ಉರಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ತೆಂಗಿನೆಣ್ಣೆ ಹಚ್ಚಿದರೆ ಮರ ಜಿಡ್ಡಾಗಿಯೇ ಉಳಿಯುತ್ತದೆ. ಗೇರೆಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಕಟ್ಟುತ್ತದೆ. ಅಗಸೆ ಎಣ್ಣೆಯೂ ಒಣಗುವುದು ಹೀಗೆಯೇ. ಜಪಾನಿನ ಹೆಸರಾಂತ ಉರುಶಿ ಮೆರುಗನ್ನು ಕೊಡುವ ಮರ ನಮ್ಮ ಗೇರು, ಮಾವಿನ ಕುಟುಂಬಕ್ಕೇ ಸೇರಿದ್ದು ಎಂಬುದು ನನಗೆ ಹೆಮ್ಮೆಯ ಸಂಗತಿ.

ಬಳಿಯುವವರಿಗೆ ಆತುರ ಕೂಡದು. ಚೆನ್ನಾಗಿ ಒಣಗಿದ ಮರವೇ ಬೇಕು. ಎಣ್ಣೆಯನ್ನು ತೆಳ್ಳಗೆ ಎಳೆದು, ಮರ ಕುಡಿಯುವಷ್ಟು ಕುಡಿಯಲು ಬಿಟ್ಟು, ಉಳಿದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ದಪ್ಪಗೆ ಬಳಿದರೆ ತಿಂಗಳಾದರೂ ಅಂಟು ಬಿಡುವುದಿಲ್ಲ. ಒಂದು ಕೋಟು ಒಣಗಿದ ಮೇಲೆಯೇ ಇನ್ನೊಂದು. ಕೈಗವಸು ಕಡ್ಡಾಯ. ಮಕ್ಕಳ ತೊಟ್ಟಿಲಿಗೆ, ಊಟದ ಮಣೆಗೆ ಇದು ಸಲ್ಲದು.

ಇದಕ್ಕೆ ಅಂಗಡಿಯ ವಾರ್ನಿಷಿನ ಕನ್ನಡಿ ಹೊಳಪಿಲ್ಲ, ನಿಜ. ಆದರೆ ವಾರ್ನಿಷ್ ಮರದ ಮೇಲೆ ಪೊರೆ ಕಟ್ಟುತ್ತದೆ. ಬಿಸಿಲು ಮಳೆಗೆ ಆ ಪೊರೆ ಬಿರಿದು ಚಕ್ಕೆ ಎದ್ದರೆ ಇಡೀ ಮೈ ಉಜ್ಜಿ ತೆಗೆಯದೆ ಗತಿಯಿಲ್ಲ. ಎಣ್ಣೆ ಕುಡಿದ ಮರಕ್ಕೆ ಧೂಳು ಒರೆಸಿ ಮತ್ತೊಂದು ಕೈ ಎಳೆದರೆ ಮುಗಿಯಿತು. ಅಜ್ಜನ ಕಾಲದ ಮನೆ ದುರಸ್ತಿಗೆ ಕೈಹಾಕುವವರೇ, ತೊಲೆಗಳಿಗೆ ಉಜ್ಜುವ ಯಂತ್ರ ಹಚ್ಚುವ ಮೊದಲು ಊರಿನ ಹಿರಿಯ ಬಡಗಿಯೊಬ್ಬರನ್ನು ಕರೆಸಿ ಆ ಮರವನ್ನೊಮ್ಮೆ ತೋರಿಸಿ.