ಪನ್ವೇಲ್ ಖಾಡಿಯಲ್ಲಿ ಜಿತಾಡಾ ಹಿಡಿಯಬೇಕೆ? ಮೆತ್ತನೆ ಪ್ಲಾಸ್ಟಿಕ್ ಎರೆ ಹೀಗೆ ಪೋಣಿಸಿ

ಖಾರಘರ: ಪನ್ವೇಲ್ ಖಾಡಿಯ ದಡದಲ್ಲಿ ಗಾಳ ಹಾಕುವವರ ಆಸೆಯ ಮೀನು ಜಿತಾಡಾ. ಇದೇ ಏಷ್ಯನ್ ಸೀಬಾಸ್, ಅಂದರೆ ಬರಮುಂಡಿ. ಅಮೆರಿಕದಲ್ಲಿ ಬಾಸ್ ಹಿಡಿಯಲು ಬಳಸುವ ಮೆತ್ತನೆ ಪ್ಲಾಸ್ಟಿಕ್ ಎರೆ ಇದಕ್ಕೂ ಒಗ್ಗುತ್ತದೆ. ಆದರೆ ಆಳದ ನೀರಿನಲ್ಲಿ ಎರೆ ತಳ ಮುಟ್ಟದಿದ್ದರೆ ದಿನವಿಡೀ ನಿಂತರೂ ಬರಿಗೈ.

ಎರೆ ಯಾವುದು?
ಖಾಡಿಯದು ಕೆಸರು ನೀರು. ಅಲ್ಲಿ ಮೀನಿಗೆ ಎರೆ ಕಾಣುವುದಕ್ಕಿಂತ ಅದರ ಅಲುಗಾಟ ಬೇಗ ತಿಳಿಯುತ್ತದೆ. ಎಳೆದಾಗ ಪಟಪಟ ಬಡಿಯುವ ಅಗಲ ಬಾಲದ, 3ರಿಂದ 5 ಇಂಚಿನ ಎರೆ ಆರಿಸಿ.

ತೂಕ ಎಷ್ಟು?
ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ-ಇಳಿತದ ಸೆಳೆತ ಜೋರು. ಆಗ ಸುಮಾರು 20 ಗ್ರಾಂ ಜಿಗ್ ಹೆಡ್ ಬೇಕಾಗಬಹುದು. ಅಷ್ಟಮಿ ಹೊತ್ತಿಗೆ 10 ಗ್ರಾಂ ಸಾಕಾದೀತು. ದಾರ ಸಡಿಲವಾದರೆ ಎರೆ ತಳ ಮುಟ್ಟಿತೆಂದರ್ಥ. ಸ್ವಲ್ಪ ಎತ್ತಿ, ಮತ್ತೆ ಬೀಳಲು ಬಿಡಿ. ಎರೆ ಬೀಳುವಾಗಲೇ ಮೀನು ಕಚ್ಚುವುದು ಹೆಚ್ಚು.

ಪೋಣಿಸುವುದು ಹೇಗೆ?
ಕೊಕ್ಕೆಯನ್ನು ಮೂತಿಯ ನಟ್ಟನಡುವೆ ಚುಚ್ಚಿ, ಬೆನ್ನಿನ ನಡುಗೆರೆಯಲ್ಲಿ ಹೊರತೆಗೆಯಿರಿ. ಸೊಟ್ಟಗಾದರೆ ಎರೆ ಗಿರಗಿರನೆ ತಿರುಗಿ ದಾರ ಹುರಿಗೊಳ್ಳುತ್ತದೆ. ಕಾಂಡ್ಲಾ ಬೇರುಗಳಿರುವ ಕಡೆ ಬಾಗಿದ ಕತ್ತಿನ ಕೊಕ್ಕೆ ಬಳಸಿ, ಅದರ ಮೊನೆಯನ್ನು ಎರೆಯ ಮೈಯೊಳಗೇ ಅಡಗಿಸಿ. ಜಿತಾಡಾದ ಕಿವಿರು ಮುಚ್ಚಳದ ಅಂಚು ಬಲು ಹರಿತ. ದಾರದ ತುದಿಗೆ ದಪ್ಪ ನೈಲಾನ್ ಲೀಡರ್ ಇಲ್ಲದಿದ್ದರೆ ಮೀನು ಕೊಕ್ಕೆ ಸಮೇತ ಹೋಗುತ್ತದೆ.

ದೊಡ್ಡ ಮೀನು ಸಿಕ್ಕರೆ?
ಜಿತಾಡಾ ಮೊದಲು ಗಂಡು, ಕೆಲವು ವರ್ಷಗಳ ನಂತರ ಹೆಣ್ಣು. ದೊಡ್ಡದೆಂದರೆ ಬಹುತೇಕ ಮೊಟ್ಟೆಯಿಡುವ ಮೀನೇ. ಸಾರಿಗೆ ಮಧ್ಯಮ ಗಾತ್ರದ್ದು ಸಾಕು, ದೊಡ್ಡದನ್ನು ನೀರಿಗೆ ಬಿಡಿ. ಹರಿದ ಎರೆಯನ್ನು ಮಾತ್ರ ಖಾಡಿಗೆ ಎಸೆಯದೆ ಮನೆಗೆ ತನ್ನಿ; ಆ ಪ್ಲಾಸ್ಟಿಕ್ ನೀರಿನಲ್ಲಿ ಕರಗುವುದಿಲ್ಲ.